ಹೊಗೆಯ ಹಿಂದೆ

ನಾನು ಈ ಹಾಲು ಕುಡಿಯುವವನಲ್ಲ.
ಮೇರು ಕಡೆಯವನು, ಹಸುವಿನ ಹಾಲಿನ ಚಹಾದಲ್ಲಿ ಬೆಳೆದವನು.
ಒಂಟೆಯ ಹಾಲಿನ ಬಗ್ಗೆ ನನಗೆ ಗೊತ್ತಿರುವುದು
ಅದರ ಗಡಿಯಾರ ಮಾತ್ರ.

ಕರೆಯುವುದು ಕತ್ತಲಲ್ಲಿ, ಕುಲಮಾವೆಯ ಆಚೆ,
ಮರಿಗೆ ಎರಡು ಮೊಲೆ ಬಿಟ್ಟು.
ಮೋಟರ್‌ಸೈಕಲ್ಲಿನ ಎರಡೂ ಬದಿಗೆ ನೇತುಬಿದ್ದು
ಕುಲುಕುತ್ತ ಇಸಿಯೊಲೊಗೆ ಬರುವಾಗ
ಬಿಸಿಲು ಆಗಲೇ ಹುಳಿ ಹಿಂಡಲು ಕೂತಿರುತ್ತದೆ.

ದಹಾಬೊ ಮುಚ್ಚಳ ತಿರುಗಿಸಿ ಮೂಗು ಇಳಿಸುತ್ತಾಳೆ.
ಸಂಘದವರು ಕೊಟ್ಟ ಪರೀಕ್ಷೆಯ ಗಾಜಿನ ಕೊಳವೆ
ಅವಳ ಮೇಜಿನ ಮೇಲೆ ಪೆನ್ಸಿಲ್ ಹಿಡಿದು ನಿಂತಿದೆ.
ಇದು ನೈರೋಬಿಗೆ. ಇದೂ. ಇದು ಇಲ್ಲೇ ಇರಲಿ.
ಮೇಲ್ಮನವಿ ಇಲ್ಲ.
ಒಮ್ಮೆ ಅವಳಿಗೆ ನೆಗಡಿಯಾಗಿ ಮಗಳು ಮೂಸಿದಳು;
ನೂರಿಪ್ಪತ್ತು ಲೀಟರು
ಬೈಗುಳವಾಗಿ ವಾಪಸಾಯಿತು.

ಕ್ಯಾನುಗಳಿಗೆ ಮೊದಲೇ ಜಾಲಿ ಕೊರಡಿನ ಹೊಗೆ ಕುಡಿಸಿರುತ್ತಾಳೆ.
ಗೋಣಿತಟ್ಟು ನೆನೆಸಿ ಸುತ್ತುತ್ತಾಳೆ, ಕೂಸಿಗೆ ಸುತ್ತಿದ ಹಾಗೆ.
ಐಸ್ ಯಂತ್ರ ಒಂದಿದೆ ಊರಲ್ಲಿ.
ಕರೆಂಟ್ ಇದ್ದ ದಿನ ಅದು ಸೋಡಾ ಮಾರುವವನದು,
ಇಲ್ಲದ ದಿನ ಯಾರದೂ ಅಲ್ಲ.

ಆದರೆ ದಾರಿ ಏರುತ್ತದೆ.
ಬಯಲು ಮುಗಿದು ಗೋಧಿ ಹೊಲ ಶುರುವಾಗುವ ತಿಮಾವಿನಲ್ಲಿ
ಲಾರಿ ನಿಲ್ಲಿಸಿ ತಾಡಪಾಲು ಬಿಚ್ಚುತ್ತೇನೆ.
ಬೆಟ್ಟದ ಹಿಮ ಸವರಿ ಬಂದ ಗಾಳಿ
ಒದ್ದೆ ಗೋಣಿಗೆ ತಾಗಿದ್ದೇ ತಡ,
ಕ್ಯಾನಿನ ಮೈಗೆ ಕೈಯಿಟ್ಟರೆ ಝುಮ್ಮೆನ್ನುತ್ತದೆ.
ಹದಿನೈದು ನಿಮಿಷ.
ಬಿಲ್ಲು ಕಳಿಸದ ಶೀತಾಗಾರ.
ನಾನು ಬಿಸಿ ಚಹಾ ಹಿಡಿದು ಕೂತು
ಹಾಲು ತಣಿಯುವುದನ್ನು ಕಾಯುತ್ತೇನೆ.

ಕಳೆದ ಗುರುವಾರ ಸಗಾನದ ಸೇತುವೆಗೆ ಅಡ್ಡವಾಗಿ
ಅಕ್ಕಿ ಲಾರಿಯೊಂದು ಮಗ್ಗುಲಾಗಿತ್ತು.
ಜನ ಚೀಲ, ಬಕೆಟ್ಟು, ಟೋಪಿ ತಂದು ತುಂಬಿಕೊಳ್ಳುತ್ತಿದ್ದರು.
ನನ್ನ ಮುಂದೆ ಗುಲಾಬಿಯ ಗಾಡಿ,
ವಿಮಾನ ಹತ್ತಬೇಕಾದ ಹೂವು,
ಬಿಳಿ ಪೆಟ್ಟಿಗೆಯೊಳಗೆ ತನ್ನದೇ ಚಳಿಗಾಲ ಇಟ್ಟುಕೊಂಡು
ಗುಂಯ್‌ಗುಟ್ಟುತ್ತಿತ್ತು.
ಅದರ ಡ್ರೈವರ್ ಕರೀಥಿಯನ್ನು ಕೇಳಿದೆ:
ಎಂಟು ಕ್ಯಾನಿಗೆ ಜಾಗ ಇದೆಯಾ?
ಬಾಗಿಲಿಗೆ ಸೀಲ್ ಹಾಕಿದೆ, ಅಂದ. ಪಾಪ, ತೋರಿಸಿಯೂ ತೋರಿಸಿದ.

ಆಗ ಕಂಡಿತು, ಆ ಯಂತ್ರದ ಅಡಿಯಿಂದ
ಟಪ್ಪೆಂದು ಬೀಳುತ್ತಿದ್ದ ನೀರು. ಮುಟ್ಟಿದೆ. ಕೊರೆಯುವಷ್ಟು.
ಬೋಗುಣಿ ಇಟ್ಟೆವು ಇಬ್ಬರೂ.
ಹನಿಗೂಡಿದರೆ ಹಳ್ಳ ಅನ್ನುತ್ತಾರೆ;
ಹಳ್ಳವೇನಾಗಲಿಲ್ಲ,
ಮೂರು ಗಂಟೆಗೆ ಒಂದೂವರೆ ಬೋಗುಣಿ.
ಗುಲಾಬಿ ಬೆವರಿದ್ದನ್ನು ಹಾಲಿಗೆ ಹೊದಿಸಿದೆ.

ಫೋನಿನಲ್ಲಿ ದಹಾಬೊ: ಮುಚ್ಚಳ ತೆಗಿ. ಮೂಸು.
ನನಗೆ ಬರುವುದಿಲ್ಲ ಅಂದೆ.
ಉಸಿರಾಡಲು ಬರುತ್ತಲ್ಲ?
ಮೂಸಿದೆ. ಹೊಗೆ, ಅಂದೆ.
ಹೊಗೆಯ ಹಿಂದೆ?
ಉಪ್ಪಿನಂಥದ್ದು.
ಅದರ ಹಿಂದೆ?
ಒಂದು, ಎರಡು, ಮೂರರಲ್ಲಿ ಏನೂ ಇರಲಿಲ್ಲ.
ನಾಲ್ಕನೆಯದರಲ್ಲಿ ಯಾರೋ ಆಗತಾನೆ ಎದ್ದು ಹೋದ
ಹಾಸಿಗೆಯ ವಾಸನೆ ಇತ್ತು.
ಹೇಳಿದೆ. ಅವಳು ನಗಲಿಲ್ಲ.
ಅದನ್ನು ಸೂಸಾಕ್ ಅಂತ ಮಾರಲಿ. ಉಳಿದದ್ದು ಓಡಿಸು.

ಈಸ್ಟ್‌ಲಿಯಲ್ಲಿ ಉಬಾ ಅಂಗಡಿಯ ದೀಪ ಹಚ್ಚಿಯಾಗಿತ್ತು.
ಬಾಣಂತಿಯ ಗಂಡನೊಬ್ಬ ಪ್ಲಾಸ್ಕು ಹಿಡಿದು
ಮಧ್ಯಾಹ್ನದಿಂದ ನಿಂತಿದ್ದನಂತೆ.
ಏಳು ಕ್ಯಾನಿಗೆ ಒಂದು ಬೆಲೆ, ನಾಲ್ಕನೆಯದಕ್ಕೆ ಇನ್ನೊಂದು.
ಹುಳಿ ಬೇಕೆನ್ನುವವರೂ ಇದ್ದಾರೆ, ಅಂದಳು,
ಸಮಾಧಾನಕ್ಕೋ, ನಿಜಕ್ಕೋ.

ವಾಪಸು ಬರುವಾಗ ನಡುರಾತ್ರಿ.
ಖಾಲಿ ಕ್ಯಾನುಗಳು ಹಿಂದೆ ಲೊಟಲೊಟ ಜಗಳಾಡುತ್ತಿದ್ದವು.
ಆ ಗುಲಾಬಿ ಗಾಡಿಯ ಪಕ್ಕ ಅಷ್ಟು ಹೊತ್ತು ನಿಂತಿದ್ದೆ,
ಯಾವ ವಾಸನೆಯೂ ಬಂದಿರಲಿಲ್ಲ ಎಂಬುದು
ಆಗ ಹೊಳೆಯಿತು.
ತಿಮಾವಿನಲ್ಲಿ ತಣಿಸಲು ಏನೂ ಇರಲಿಲ್ಲ.
ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.